ಹುಲ್ಲು ಹೊದಿಸಿದ ಮನೆ



ನಾನು ಈ ಶಾಲೆಯ ವಸತಿಗೃಹದಲ್ಲಿದ್ದಾಗ ಗೆಳತಿಯೊಬ್ಬಳು ರಜೆಯಲ್ಲಿ ನಮ್ಮ ಊರಿಗೆ ಬರುವೆನೆಂದಳು. ಏನೋ ನೆವ ಹೇಳಿ ತಪ್ಪಿಸಿದೆನು. ನಮ್ಮದು ತಡಿಕೆಗೆ ಮಣ್ಣು ಮೆತ್ತಿದ, ಹುಲ್ಲು ಹೊದಿಸಿದ ಮನೆಯೆಂಬ ನಾಚಿಕೆಯೇ ಅದಕ್ಕೆ ಕಾರಣವು. ಅನೇಕ ವರ್ಷಗಳ ಮೇಲೆ ಇಂಗ್ಲೆಂಡ್ ದೇಶವನ್ನು ನೋಡುವ ಸುಸಂಧಿ ಒದಗಿದಾಗ ಆ ನಾಚಿಕೆಗೆ ತಕ್ಕ ಉತ್ತರವು ದೊರೆಯಿತು.

ವಾರಿಕ್‌ಷೈರ್ ಸೀಮೆಯ ಸ್ಟ್ರಾಟ್‌ಫರ್ಡ್ ಪಟ್ಟಣದ ಸಮೀಪದಲ್ಲಿ ಷಾಟರಿ ಎಂಬ ಹಳ್ಳಿಯುಂಟು. 1582ರಲ್ಲಿ ಷೇಕ್ಸ್‌ಪಿಯರ್ ಮಹಾಕವಿಯನ್ನು ವರಿಸಿದ ಆನ್ ಹ್ಯಾಥವೇಯ ತವರುಮನೆ ಅಲ್ಲಿರುವುದು. ಅದರ ಅತಿ ಹಳೆಯ ಭಾಗವು 15ನೆಯ ಶತಮಾನದ್ದು. ದೂರದಿಂದ ಅದರ ಹುಲ್ಲಿನ ಮಾಡನ್ನು ಕಂಡೊಡನೆ ನಮ್ಮ ಮನೆಯ ನೆನಪಾಯಿತು.

ಓಕ್ ಮರದ ಚೌಕಟ್ಟೇ ಇಂಥ ಮನೆಗಳ ಎಲುಬು. ಮರವನ್ನು ಹಸಿಯಾಗಿರುವಾಗಲೇ ಕೆತ್ತುತ್ತಿದ್ದರು. ಒಣಗಿದಂತೆಲ್ಲ ಅದು ಬಹು ಗಟ್ಟಿಯಾಗುವುದು. ಒಂದು ತೊಲೆಯ ತುದಿಯನ್ನು ಇನ್ನೊಂದರಲ್ಲಿ ಕೊರೆದ ಕುಳಿಗೆ ಸೇರಿಸಿ, ಮರದ ಗೂಟ ಬಡಿದು ಬಿಗಿಯುತ್ತಿದ್ದರು. ಬಡಗಿಯು ತನ್ನ ಅಂಗಳದಲ್ಲಿಯೇ ಎಲ್ಲವನ್ನೂ ಜೋಡಿಸಿ ನೋಡಿ, ಗುರುತಿಗಾಗಿ ರೋಮನ್ ಅಂಕಿಗಳನ್ನು ಗೀರಿ, ಬಿಚ್ಚಿ, ಮನೆ ಕಟ್ಟುವ ಸ್ಥಳಕ್ಕೆ ಒಯ್ಯುತ್ತಿದ್ದನು. ಮಾಡಿಗೆ ಗೋಧಿಯ ಹುಲ್ಲು ಇಲ್ಲವೆ ಜೊಂಡು. ಇಳಿಜಾರು ಕಡಿದಾಗಿರುವುದರಿಂದ ಮಳೆಯ ನೀರು ಒಳಗಿಳಿಯುವ ಮೊದಲೇ ಹರಿದುಹೋಗುವುದು. ಮುಂಚಾಚಿದ ಅಂಚು ಅದನ್ನು ಗೋಡೆಗೆ ತಗಲದಂತೆ ಬೀಳಿಸುವುದು.

“ಕಂಬಗಳ ನಡುವೆ ಕಡ್ಡಿಗಳನ್ನು ಹೆಣೆದು, ಮಣ್ಣು, ಹುಲ್ಲಿನ ಚೂರು ಮತ್ತು ಸಗಣಿಯನ್ನು ಕಲಸಿ ಮೆತ್ತುತ್ತಿದ್ದರು” ಎಂದು ಮನೆಯನ್ನು ತೋರಿಸುತ್ತಿದ್ದ ಮಹಿಳೆಯು ವಿವರಿಸಿದರು. ಸಗಣಿಯೆಂಬ ಮಾತನ್ನು ಕೇಳಿ ಬೆರಗಾಗಿ ನಿಂತೆನು. ನಮ್ಮ ತಾಯಿಯವರ ಕೈಗಳು ಕಣ್ಣಮುಂದೆ ಬಂದವು.

ಆದರೂ ಒಂದು ಮಾತನ್ನು ಮರೆಯಲಾಗದು. ಹ್ಯಾಥವೇ ಮನೆತನದವರು ಅನುಕೂಲಸ್ಥ ರೈತರು. ಅವರ ಮನೆಯಲ್ಲಿ 12 ಕೋಣೆಗಳುಂಟು. ಆ ಕಾಲದ ಬಡ ಕೂಲಿಗಾರರ ಗುಡಿಸಲುಗಳು ಬಹುಮಟ್ಟಿಗೆ ಅಳಿದುಹೋಗಿವೆ. ಉಳಿದ ಮನೆಯಾದರೋ ತಾನಾಗಿ ಉಳಿದುದಲ್ಲ. 1892ರಲ್ಲಿ ಷೇಕ್ಸ್‌ಪಿಯರನ ಜನ್ಮಸ್ಥಳದ ಸಂರಕ್ಷಣಾ ಸಂಸ್ಥೆಯು ಅದನ್ನು ಕೊಂಡಿತು. 1969ರಲ್ಲಿ ಬೆಂಕಿಯಿಂದ ಹಾನಿಯಾದಾಗ ಮರಳಿ ಸರಿಪಡಿಸಿದರು. ಹುಲ್ಲು ಸವೆಯುವುದು, ಮಣ್ಣು ಉದುರುವುದು. ಸರಿಪಡಿಸುವ ಕೈಗಳಿರುವ ತನಕ ಮನೆಯು ನಿಲ್ಲುವುದು.

ನಮ್ಮ ತಾಯಿಯವರೂ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಇದನ್ನೇ ಮಾಡುತ್ತಿದ್ದರು. ನಾನು ಅದನ್ನು ಬಡತನವೆಂದು ಮಾತ್ರ ತಿಳಿದಿದ್ದೆನು, ವಿದ್ಯೆಯೆಂದು ತಿಳಿದಿರಲಿಲ್ಲ.

ಊರಿಗೆ ಮರಳಿದಾಗ ಆ ಮನೆಯೂ ಇಲ್ಲ, ತಾಯಿಯವರೂ ಇಲ್ಲ. ಹಳೆಯ ಕಂಬವೊಂದು ಕೊಟ್ಟಿಗೆಯಲ್ಲಿ ಉಳಿದಿತ್ತು. ಆ ಗೆಳತಿಯನ್ನು ಕರೆದೊಯ್ದು ಅದನ್ನೇ ತೋರಿಸಿದೆನು.