ಅಂಗಿ ಹುಡುಕಿಕೊಂಡು ಮೂರೂರು ಸುತ್ತಿದ್ದು

ಓದುಗ ಸೋದರಿಯರೇ, ನಿಮ್ಮ ಮನೆಯಲ್ಲಿ ಗಂಡಸರ ಅಂಗಿ ಆರಿಸುವವರು ಯಾರು? ಅಂಗಡಿಯ ಕನ್ನಡಿ ಮುಂದೆ ನಿಂತು ‘ಇದು ಚಲೋ ಅದ’ ಅನ್ನುವವರು ಅವರೇ ಇರಬಹುದು. ಆದರೆ ಮರುದಿನದಿಂದ ಆ ಅಂಗಿಯ ಜೊತೆ ಬಾಳ್ವೆ ಮಾಡುವವರು ನಾವು. ಕಾಲರ್ ತಿಕ್ಕುವವರು, ಹಿಂಡುವವರು, ಕರೆಂಟು ಇದ್ದ ಹೊತ್ತು ನೋಡಿ ಇಸ್ತ್ರಿ ಮಾಡುವವರು ನಾವೇ ಅಲ್ಲವೇ? ಇಪ್ಪತ್ನಾಲ್ಕು ವರ್ಷ ಇದೇ ಕೆಲಸ ಮಾಡಿದ ಮೇಲೆ ನನಗೆ ಹೋದ ಬೇಸಿಗೆಯಲ್ಲಿ ಒಂದು ಬುದ್ಧಿ ಬಂತು. ಅಂಗಿ ಆರಿಸುವಾಗ ಕನ್ನಡಿಗಿಂತ ಒಗೆಯುವ ಕಲ್ಲನ್ನು ಹೆಚ್ಚು ನೆನೆಯಬೇಕು. ಇದನ್ನು ಕಲಿಯಲು ಮೂರೂರು ಸುತ್ತಬೇಕಾಯಿತು. ಆ ಕತೆಯನ್ನೇ ಹೇಳುತ್ತೇನೆ, ಕೇಳಿ.

ನನ್ನನ್ನು ಕೊಟ್ಟ ಊರು ರಾಯಚೂರು ಜಿಲ್ಲೆಯ ಮಸ್ಕಿ. ಸಿಂಧನೂರು, ಲಿಂಗಸುಗೂರುಗಳ ನಡುವೆ ಇದೆ. ಎರಡೂ ಕಡೆಗೆ ಮೂವತ್ತು ಕಿಲೋಮೀಟರಿನೊಳಗೇ ದಾರಿ. ಮೊದಲು ಲಿಂಗಸುಗೂರು ತಾಲೂಕಿಗೆ ಸೇರಿತ್ತು, ಈಗ ತಾನೇ ಒಂದು ತಾಲೂಕು. ಬೆಟ್ಟದ ಮೇಲೆ ಮಲ್ಲಿಕಾರ್ಜುನ, ಕೆಳಗೆ ಊರಿನಲ್ಲಿ ಭ್ರಮರಾಂಬ ದೇವಿ. ಸುತ್ತ ಕಪ್ಪು ಹೊಲ, ನಡುನಡುವೆ ಕೆಂಪು ನೆಲ, ಗುಡ್ಡಗಳು. ಬೇಸಿಗೆ ಬಂತೆಂದರೆ 40 ಡಿಗ್ರಿ ದಾಟುವ ಬಿಸಿಲು. ನಮ್ಮ ಮನೆಯ ಬೋರಿನ ನೀರೋ ಗಡಸು. ಸಾಬೂನು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ, ಕೊಡದ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಬಿಸಿಲು, ಧೂಳು, ನೀರು, ಈ ಮೂರನ್ನೂ ತಾಳಿಕೊಳ್ಳುವ ಅಂಗಿ ನಮಗೆ ಬೇಕಿತ್ತು.

ಯಾಕೆಂದರೆ ಹೋದ ವರ್ಷ ನಮ್ಮ ಮಗನಿಗೆ ಔಷಧಿ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಚೀಲ ಹಿಡಿದು ಡಾಕ್ಟರರ ದವಾಖಾನೆಗಳಿಗೆ ಹೋಗಿ ಹೊಸ ಗುಳಿಗೆ, ಔಷಧಿಗಳ ವಿಷಯ ತಿಳಿಸಿ ಬರುವ ನೌಕರಿ. ಸೋಮವಾರ ಸಿಂಧನೂರು, ಮಂಗಳವಾರ ಲಿಂಗಸುಗೂರು, ವಾರಕ್ಕೊಮ್ಮೆ ರಾಯಚೂರು, ತಿಂಗಳಿಗೊಮ್ಮೆ ಮೀಟಿಂಗಿಗೆ ಹುಬ್ಬಳ್ಳಿ. ಎಲ್ಲ ಬಸ್ಸಿನಲ್ಲೇ. ತುಂಬುತೋಳಿನ ಅಂಗಿ, ಇನ್‌ಶರ್ಟ್, ಬೂಟು ಕಡ್ಡಾಯ. ಆರು ತಿಂಗಳು ನೋಡಿ ಕಾಯಂ ಮಾಡುತ್ತೇವೆ ಎಂದಿದ್ದರು. ನಮ್ಮ ಮನೆಯವರದು ಕಿರಾಣಿ ಅಂಗಡಿ. ಅವರಿಗೆ ಬಿಳಿ ಅಂಗಿ, ಪೈಜಾಮ ಸಾಕು. ಮನೆಯಲ್ಲಿ ಇನ್‌ಶರ್ಟ್ ಮಾಡಿ ಹೊರಡುವ ಮೊದಲನೆಯವನು ಇವನೇ. ನನಗೆಷ್ಟು ಹೆಮ್ಮೆ ಅಂತೀರಿ!

ಅದೇ ಹೊತ್ತಿಗೆ ನನ್ನ ಬಲಗೈ ಮಣಿಕಟ್ಟು ನೋಯತೊಡಗಿತು. ಡಾಕ್ಟರು ನೋಡಿ, “ಬಟ್ಟೆ ಹಿಂಡೂದು, ಭಾರದ ಇಸ್ತ್ರಿ ಪೆಟ್ಟಿಗಿ ಎತ್ತೂದು ಸ್ವಲ್ಪ ದಿನ ಬಿಡ್ರಿ” ಎಂದರು. ಬಿಡುವುದು ಹೇಗೆ? ವಾರಕ್ಕೆ ಆರು ಅಂಗಿ! ಅದಕ್ಕೇ, ಇಸ್ತ್ರಿ ಬೇಡವೇ ಬೇಡ ಎಂದು ಹೇಳಿ ಮಾರುತ್ತಿದ್ದ ಮಿರಿಮಿರಿ ಅಂಗಿಗಳನ್ನು ಕಂಡ ಕೂಡಲೇ ಮೂರು ಕೊಂಡುಬಿಟ್ಟೆ. ಮೂರಕ್ಕೆ ಸೇರಿ 999 ರೂಪಾಯಿ. ನೀರಿನಿಂದ ತೆಗೆದರೆ ಅರ್ಧ ಗಂಟೆಗೆ ಒಣಗುತ್ತಿದ್ದವು, ಒಂದು ಸುಕ್ಕಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಮೇ ತಿಂಗಳು ಬಂತು ನೋಡಿ. ಹುಡುಗನ ಬೆನ್ನು, ಕಂಕುಳ ತುಂಬ ಬೆವರುಸಾಲೆ. ಒಂದು ದಿನ ಸಂಜೆ ಬಂದವನು ಅಂಗಿ ತೆಗೆದು ಮೂಲೆಗೆ ಒಗೆದ, ರೊಟ್ಟಿಯನ್ನೂ ಸರಿಯಾಗಿ ಉಣ್ಣಲಿಲ್ಲ. ಎರಡು ದಿನ ಬಿಟ್ಟು ಬಾಯಿಬಿಟ್ಟ. ದವಾಖಾನೆಯ ಬೆಂಚಿನ ಮೇಲೆ ಇವನು ಕುಳಿತ ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿದ್ದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು ಬೇರೆ ಕಡೆ ಕುಳಿತಳಂತೆ. “ದಿನಾ ಎರಡು ಸಲ ಜಳಕ ಮಾಡ್ತೀನಿ ಅವ್ವಾ, ಮತ್ತ್ಯಾಕ ಹಿಂಗ?” ಅಂದ. ನನ್ನ ಕರುಳು ಚುರ್ ಅಂತು. ತಪ್ಪು ಅವನದಲ್ಲ, ನಾನು ಆರಿಸಿದ ಬಟ್ಟೆಯದು.

ಆ ವಾರವೇ ಬಳ್ಳಾರಿಯಿಂದ ನಮ್ಮಕ್ಕ ಬಂದಿದ್ದಳು. ಅಶೋಕನ ಶಾಸನ ನೋಡಬೇಕೆಂದಳು. ಮಸ್ಕಿಗೆ ಬಂದವರು ಅದನ್ನು ನೋಡದೆ ಹೋಗಬಾರದು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಈ ಸೀಮೆಯಲ್ಲಿ ಚಿನ್ನ ಹುಡುಕುತ್ತಾ ಬಂದಾಗ ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರ ಕಣ್ಣಿಗೆ ಬಿತ್ತು. ಅದುವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಈ ದೊರೆ ಯಾರೆಂದು ವಿದ್ವಾಂಸರು ಚರ್ಚಿಸುತ್ತಿದ್ದರು. ನಮ್ಮೂರ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು! ಒಗಟು ಬಿಡಿಸಿದ್ದು ಆ ಒಂದು ಹೆಸರು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೊಳಂಗಳಲ್ಲೂ ಆ ಹೆಸರು ಸಿಕ್ಕಿತು.

ಅಕ್ಕನಿಗೆ ಇದನ್ನೆಲ್ಲ ಹೇಳುತ್ತಾ ನಿಂತಾಗ ನನಗೆ ಥಟ್ಟನೆ ಹೊಳೆಯಿತು. ಅಂಗಿಯ ಒಳಗೂ ಒಂದು ಹೆಸರಿನ ಚೀಟಿ ಹೊಲಿದಿರುತ್ತಾರಲ್ಲ, ನಾನು ಒಮ್ಮೆಯಾದರೂ ಓದಿದ್ದೇನೆಯೇ? ಮನೆಗೆ ಬಂದವಳೇ ಮೂಲೆಯ ಅಂಗಿ ತಿರುವಿ ನೋಡಿದೆ. ಪಕ್ಕದ ಹೊಲಿಗೆಯಲ್ಲಿ ಸಣ್ಣ ಚೀಟಿ: ‘ನೂರಕ್ಕೆ ನೂರು ಪಾಲಿಯೆಸ್ಟರ್’.

ಪಾಲಿಯೆಸ್ಟರ್ ಅಂದರೆ ನಮ್ಮ ಅಪ್ಪನ ಕಾಲದ ಟೆರಿಲಿನ್ನೇ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್, ಡಿಕ್ಸನ್ ಎಂಬ ಇಬ್ಬರು ಅದನ್ನು ಕಂಡುಹಿಡಿದರು. ಹತ್ತಿಯೊಂದಿಗೆ ಬೆರೆಸಿದರೆ ಟೆರಿಕಾಟ್. ಅಪ್ಪ ಮದುವೆ ಮನೆಗೆಂದೇ ಒಂದು ಟೆರಿಕಾಟ್ ಅಂಗಿ ಟ್ರಂಕಿನಲ್ಲಿ ಇಟ್ಟಿದ್ದ. ಇದರ ಗುಣ, ದೋಷ ಎರಡಕ್ಕೂ ಕಾರಣ ಒಂದೇ, ನೀರು ಕುಡಿಯದಿರುವುದು. ನೂರು ಗ್ರಾಂ ಒಣ ಹತ್ತಿ ಗಾಳಿಯಿಂದಲೇ ಏಳೆಂಟು ಗ್ರಾಂ ತೇವ ಹೀರಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಅರ್ಧ ಗ್ರಾಮೂ ಹೀರುವುದಿಲ್ಲ. ಅದಕ್ಕೇ ಬೇಗ ಒಣಗುತ್ತದೆ, ಸುಕ್ಕಾಗುವುದಿಲ್ಲ. ಅದಕ್ಕೇ ಬೆವರು ಮೈಮೇಲೆ ನಿಲ್ಲುತ್ತದೆ. ಮೇಲಾಗಿ ಮೈಯ ಎಣ್ಣೆಯಂಶವನ್ನು ಹಿಡಿದುಕೊಳ್ಳುತ್ತದೆ, ಒಗೆದರೂ ಪೂರ್ತಿ ಬಿಡುವುದಿಲ್ಲ. ವಾಸನೆ ಬರುವುದು ಅಲ್ಲಿಂದಲೇ.

ಮುಂದಿನ ಭಾನುವಾರ ಮಗನನ್ನು ಕರೆದುಕೊಂಡು ಸಿಂಧನೂರು ಬಸ್ಸು ಹತ್ತಿದೆ. 2023ರ ಜೂನ್‌ನಿಂದ ನಮಗೆ ಸಾರಿಗೆ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಅಲ್ಲವೇ? ಮಗ ದುಡ್ಡು ಕೊಟ್ಟ, ನಾನು ಆಧಾರ್ ಕಾರ್ಡು ತೋರಿಸಿದೆ. ಕಿಟಕಿ ಪಕ್ಕ ಕುಳಿತರೆ ಈ ದಾರಿ ನೋಡಲು ಚಂದ. ಮಸ್ಕಿ ಬಿಟ್ಟ ಮೇಲೆ ಮಳೆಗೆ ಕಾಯುವ ಒಣ ಹೊಲಗಳು, ಸಿಂಧನೂರು ಸಮೀಪಿಸಿದಂತೆ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ, ಭತ್ತದ ಗದ್ದೆ, ಅಕ್ಕಿ ಗಿರಣಿಗಳು. ಪೇಟೆ ದೊಡ್ಡದು, ಬಟ್ಟೆ ಅಂಗಡಿಗಳಿಗೆ ಬರವಿಲ್ಲ.

ಅಂಗಡಿಯವರು ಗುಡ್ಡೆ ಗುಡ್ಡೆ ಅಂಗಿ ಹರವಿದರು. ನಾನು ಪ್ರತಿಯೊಂದನ್ನೂ ತಿರುವಿ ಚೀಟಿ ನೋಡುತ್ತಿದ್ದೆ.

“ಅಕ್ಕಾರ, ಬಣ್ಣ ನೋಡೂದು ಬಿಟ್ಟು ಏನ್ ಹುಡುಕ್ತೀರಿ?”

“ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು ಅಂತ ನೋಡ್ತೀನ್ರಿ.”

“ಚೀಟಿ ಓದಿ ಅಂಗಿ ತಗೊಳ್ಳೋರು ನೀವ ಮೊದಲ್ನೇದವ್ರು ನೋಡ್ರಿ!” ಎಂದು ನಕ್ಕರು. ಆದರೆ ಕಾಸಿನ ಗಿರಾಕಿ ಎಂದು ತಿಳಿದು ಚಹಾ ತರಿಸಿದರು.

ಮಗನ ಕಣ್ಣು ಜಗ್ಗಿದರೆ ಹಿಗ್ಗುವ ಹೊಸ ನಮೂನೆ ಅಂಗಿಯ ಮೇಲಿತ್ತು. ಆಟಗಾರರ ಬನಿಯನ್ನಿನ ಹಾಗೆ ಬೆವರನ್ನು ಹೊರಮೈಗೆ ಎಳೆದು ಹರಡಿ ಒಣಗಿಸುತ್ತದಂತೆ. ಸುಳ್ಳೇನಲ್ಲ, ಅದರ ಎಳೆಗಳನ್ನೇ ಹಾಗೆ ಮಾಡಿರುತ್ತಾರೆ. ಆದರೆ ಹರಡಿದ ಬೆವರು ಒಣಗಲು ಗಾಳಿ ಬೇಕು. ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವ ನಮ್ಮ ಬಸ್ಸಿನಲ್ಲಿ ಗಾಳಿ ಎಲ್ಲಿಯದು? ಚೀಟಿಯಲ್ಲಿ ಅದೂ ಬಹುಪಾಲು ಪಾಲಿಯೆಸ್ಟರೇ. ಹಣ ಮಾತ್ರ ಎರಡು ಪಟ್ಟು. ಎಸಿ ಆಫೀಸಿನವರಿಗೆ ಸರಿ, ನಮಗೆ ಬೇಡ ಎಂದೆ. ಹುಡುಗ ಮುಖ ಸಣ್ಣದು ಮಾಡಿದ, ಆದರೆ ದವಾಖಾನೆಯ ಬೆಂಚು ನೆನಪಾಯಿತೋ ಏನೋ, ಸುಮ್ಮನಾದ.

ಕೊನೆಗೆ ಹತ್ತಿ 60, ಪಾಲಿಯೆಸ್ಟರ್ 40ರ ಎರಡು ಅಂಗಿ ತೆಗೆದುಕೊಂಡೆವು. ಜೊತೆಗೆ ಪೂರಾ ಹತ್ತಿಯದೇ, ಆದರೆ ಸುಕ್ಕಾಗದ ಹದ ಕೊಟ್ಟ ಒಂದು ಅಂಗಿ. ಇದನ್ನು ‘ರಿಂಕಲ್ ಫ್ರೀ’ ಎನ್ನುತ್ತಾರೆ. ಹತ್ತಿಯ ಎಳೆಯೊಳಗೆ ಕಣಗಳು ಸರಪಳಿಯಂತೆ ಸಾಲಾಗಿರುತ್ತವೆ. ನೀರು ತಾಗಿದರೆ ಆ ಸಾಲುಗಳು ಜರುಗಿ ಬೇರೆ ಕಡೆ ಕೂರುತ್ತವೆ, ಅದೇ ಸುಕ್ಕು. ಏಣಿಯ ಎರಡು ಗಳಗಳ ನಡುವೆ ಅಡ್ಡಪಟ್ಟಿ ಬಡಿದಂತೆ ರಸಾಯನದಿಂದ ಸಾಲುಗಳನ್ನು ಬಿಗಿದರೆ ಅವು ಜರುಗುವುದಿಲ್ಲ. 1950ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಸರ್ಕಾರಿ ಸಂಶೋಧನಾಲಯದಲ್ಲಿ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಮುಖ್ಯರು ರೂತ್ ಬೆನೆರಿಟೊ ಎಂಬ ಹೆಣ್ಣುಮಗಳು! ಕೇಳಿ ನನಗಂತೂ ಖುಷಿಯಾಯಿತು. ಇಂಥ ಅಂಗಿಯನ್ನು ಹೊಸದರಲ್ಲಿ ಒಮ್ಮೆ ಒಗೆದೇ ತೊಡಬೇಕು. ಬ್ಲೀಚಿಂಗ್ ಪುಡಿ ತಾಗಿಸಬಾರದು. ಸಾದಾ ಹತ್ತಿಗಿಂತ ಸ್ವಲ್ಪ ಬೇಗ ಪಿಸಿಯುತ್ತದೆ ಎಂಬುದೂ ನೆನಪಿರಲಿ.

ಮುಂದಿನ ವಾರ ಲಿಂಗಸುಗೂರಿಗೆ ಹೋದೆವು. ಹಟ್ಟಿ ಚಿನ್ನದ ಗಣಿ ಇರುವುದು ಆ ತಾಲೂಕಿನಲ್ಲೇ. ನಾವು ಹುಡುಕಿ ಹೋದ ಚಿನ್ನ ಮಾತ್ರ ಒಬ್ಬ ಮುದುಕ ಟೇಲರು. ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ದೂರ, ಒಂದೇ ಮಿಷಿನ್ನಿನ ಅಂಗಡಿ. 58 ಇಂಚು ಪನ್ನಾದ ಹತ್ತಿ ಬಟ್ಟೆ ಒಂದೂ ಅರುವತ್ತು ಮೀಟರ್ ಒಯ್ದಿದ್ದೆ.

“ತಂಗೀ, ನೀರಿಗೆ ಹಾಕಿ ತಂದೀಯೇನು?” ಅದೇ ಮೊದಲ ಪ್ರಶ್ನೆ. ಹತ್ತಿ ಬಟ್ಟೆಯನ್ನೂ ಕಾಲರಿನ ಬಕ್ರಮ್ಮನ್ನೂ ನೆನೆಸಿ ಒಣಗಿಸಿಯೇ ಹೊಲಿಯಬೇಕಂತೆ, ಇಲ್ಲದಿದ್ದರೆ ಒಂದು ಕುಗ್ಗಿ ಇನ್ನೊಂದು ಕುಗ್ಗದೆ ಕಾಲರ್ ಮುದುಡುತ್ತದೆ. ಅಂಟು ಹಾಕಿದ ಅಗ್ಗದ ಕಾಲರುಗಳು ಹತ್ತು ಒಗೆತಕ್ಕೆ ಹಪ್ಪಳದ ಹಾಗೆ ಗುಳ್ಳೆ ಏಳುವುದನ್ನು ನೀವೂ ನೋಡಿರಬೇಕು. ಕಂಕುಳಲ್ಲಿ ಎರಡು ಬೆರಳು ಸಡಿಲು ಬಿಟ್ಟು, ಬಣ್ಣಕ್ಕೆ ಸಣ್ಣ ಚೌಕಡಿಯೇ ವಾಸಿ ಎಂದರು. ಸಣ್ಣ ಚೌಕಡಿ, ತೆಳುಗೆರೆಗಳಲ್ಲಿ ಸುಕ್ಕೂ ಧೂಳೂ ಕಣ್ಣಿಗೆ ಬೀಳುವುದಿಲ್ಲ. ಬೂದಿಬಣ್ಣದಲ್ಲಿ ಬೆವರಿನ ಕಲೆ ಎದ್ದು ಕಾಣುತ್ತದೆ. ಕಾಲರ್ ಸವೆದಾಗ ತಂದರೆ ಬಿಚ್ಚಿ ತಿರುವಿ ಹಾಕಿಕೊಡುತ್ತೇನೆ, ಇನ್ನೆರಡು ವರ್ಷ ಬರುತ್ತದೆ ಎಂದೂ ಹೇಳಿದರು. ರೆಡಿಮೇಡು ಕೊಳ್ಳುವ ಈ ಕಾಲದಲ್ಲಿ ಇಂಥ ಮಾತು ಎಷ್ಟು ಜನರ ಬಾಯಲ್ಲಿ ಬಂದೀತು?

ಇನ್ನು ನೀವು ಅಂಗಡಿಗೆ ಹೋದಾಗ ಹೀಗೆ ಮಾಡಿ. ಮೊದಲು ಚೀಟಿ ಓದಿ. ಅಂಗಿಯ ಕೆಳಅಂಚನ್ನು ಮುಷ್ಟಿಯಲ್ಲಿ ಹಿಡಿದು ಹತ್ತು ಎಣಿಸಿ ಬಿಡಿ. ಬಿಟ್ಟ ಕೂಡಲೇ ತೆರೆದುಕೊಂಡರೆ ಬಸ್ಸಿನಲ್ಲೂ ಹಾಗೇ ಇರುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೇಯ್ಗೆ ಒಂದೇ ಸಮ ಇದೆಯೇ ನೋಡಿ. ತುಂಡು ಬಟ್ಟೆ ಕೊಳ್ಳುವುದಾದರೆ ಅಂಚಿನ ಎರಡೆಳೆ ಕೇಳಿ ತಂದು ಮನೆಯಲ್ಲಿ ಜೋಪಾನವಾಗಿ ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಮೆತ್ತನೆ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಒಗೆತಕ್ಕೂ ಒಂದು ಕ್ರಮ ಮಾಡಿಕೊಂಡೆವು. ಗಡಸು ನೀರಿಗೆ ಸಾಬೂನಿನ ಗಟ್ಟಿ ಬೇಡ. ಅದರ ಜಿಡ್ಡು ಕಾಲರಿನಲ್ಲಿ ಕೂತು ಬಟ್ಟೆ ಹಳದಿಯಾಗುತ್ತದೆ. ಡಿಟರ್ಜೆಂಟ್ ಪುಡಿ ವಾಸಿ. ಕಾಲರಿಗೆ ಒಂದು ಹನಿ ಶ್ಯಾಂಪೂ ಸವರಿ ಕಾಲು ಗಂಟೆ ಬಿಡಿ. ಹಿಂಡಲೇಬೇಡಿ. ನೀರು ಸೋರುತ್ತಿರುವಾಗಲೇ ಹ್ಯಾಂಗರಿಗೆ ಹಾಕಿ, ಮೇಲಿನ ಗುಂಡಿ ಹಚ್ಚಿ, ಕಾಲರ್, ತೋಳುಪಟ್ಟಿ ಕೈಯಿಂದ ಎಳೆದು ನೇರ ಮಾಡಿ ನೆರಳಲ್ಲಿ ತೂಗುಬಿಡಿ. ನೀರಿನ ಭಾರಕ್ಕೇ ಅರ್ಧ ಸುಕ್ಕು ಇಳಿದುಹೋಗುತ್ತದೆ. ಪರಊರಿನ ಲಾಡ್ಜಿನಲ್ಲಾದರೆ ಒದ್ದೆ ಅಂಗಿಯನ್ನು ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ಫ್ಯಾನಿನ ಕೆಳಗೆ ತೂಗಿದರೆ ಬೆಳಗಿನ ಹೊತ್ತಿಗೆ ತಯಾರು.

ಈಗ ಕೇಳಿ, ಕಡೆಯ ಮಾತು. ನಾಲ್ಕು ಅಂಗಿ ಬಂದ ದಿನ ಮಗನನ್ನು ಕೂರಿಸಿ, “ಇಷ್ಟು ಆರಿಸಿ ಕೊಟ್ಟೀನಿ, ಒಗೆಯೂದು ಇನ್ನ ನಿಂದ” ಅಂದೆ. ನಮ್ಮ ಅತ್ತೆಯವರು, “ಗಂಡಸು ಮಗ ಬಟ್ಟಿ ಒಗೀತಾನೇನ?” ಎಂದು ಗೊಣಗಿದರು. ನನ್ನ ಮಣಿಕಟ್ಟಿನ ಪಟ್ಟಿ ನೋಡಿ ಆಮೇಲೆ ಸುಮ್ಮನಾದರು. ಮೊದಲ ವಾರ ಅವನು ಬೆರಕೆ ಅಂಗಿಯ ಮೇಲೆ ಬಿಸಿ ಇಸ್ತ್ರಿ ಇಟ್ಟು ಜೇಬಿನ ಹತ್ತಿರ ಹೊಳೆಯುವ ಕಲೆ ಮಾಡಿದ. ನಾನು ಬೈಯಲಿಲ್ಲ. ನಾನೂ ಮದುವೆಯಾದ ಹೊಸದರಲ್ಲಿ ಮಾವನವರ ಧೋತರ ಸುಟ್ಟವಳೇ! ಈಗ ಬೆಳಿಗ್ಗೆ ಜಳಕದ ಜೊತೆಗೇ ಅಂಗಿ ಒಗೆದು ತೂಗುಹಾಕಿ ಹೊರಡುತ್ತಾನೆ. ಬೆವರುಸಾಲೆ ಮಾಯವಾಗಿದೆ. ಕೆಲಸವೂ ಕಾಯಂ ಆಯಿತು. ಅದು ಅವನ ದುಡಿಮೆಯ ಫಲ, ಅಂಗಿಯದಲ್ಲ. ಆದರೆ ಬೆಂಚಿನ ಮೇಲೆ ನಿಶ್ಚಿಂತೆಯಿಂದ ಕೂರುತ್ತಾನೆ, ನನಗೆ ಅಷ್ಟು ಸಾಕು.

ಬೆಳಿಗ್ಗೆ ಐದಕ್ಕೆ ಇಸ್ತ್ರಿ ಪೆಟ್ಟಿಗೆ ಹಿಡಿಯುತ್ತಿದ್ದ ಹೊತ್ತಿನಲ್ಲಿ ಈಗ ಬೆಟ್ಟದ ಕಡೆ ನಡೆದು ಬರುತ್ತೇನೆ. ನೀವು ಮಸ್ಕಿ ಕಡೆ ಬಂದರೆ ತಪ್ಪದೆ ಬಂಡೆ ನೋಡಿ, ಮಲ್ಲಯ್ಯನ ದರ್ಶನ ಮಾಡಿ. ಅಂಗಿ ಕೊಳ್ಳುವ ಮುಂದೆ ಮಾತ್ರ ಒಳಗಿನ ಹೆಸರು ಓದುವುದನ್ನು ಮರೆಯಬೇಡಿ.