ಗಡಿಗೆಯ ಚೆಲುವು

ಶರಣರ ಕಾಯಕತತ್ತ್ವವನ್ನು ನೆನೆಯುವಾಗ ಭಾಲ್ಕಿಯ ಕುಂಬಾರ ಗುಂಡಯ್ಯನವರ ಹೆಸರನ್ನು ಮರೆಯಲಾಗದು. ಹರಿಹರ ಮಹಾಕವಿಯು ಅವರ ಚರಿತ್ರೆಯನ್ನು ರಗಳೆಯಾಗಿ ಹಾಡಿದ್ದಾನೆ. ಗುಂಡಯ್ಯನವರು ಗಡಿಗೆ ತಟ್ಟಿದ ನಾದಕ್ಕೆ ಶಿವನೇ ಕುಣಿದನೆಂಬುದು ಆ ಕಥೆಯ ತಿರುಳು. ತಟ್ಟಿ ನೋಡುವುದು ಕುಂಬಾರನ ನಿತ್ಯದ ಪರೀಕ್ಷೆ. ಬಿರುಕಿಲ್ಲದೆ ಹದವಾಗಿ ಬೆಂದ ಗಡಿಗೆ ಮಾತ್ರ ಗಂಟೆಯಂತೆ ನುಡಿಯುತ್ತದೆ. ಆ ನಿತ್ಯದ ಕೆಲಸವೇ ಅವರಿಗೆ ಪೂಜೆಯಾಯಿತು.

ಇಂದು ಮಣ್ಣಿನ ಪಾತ್ರೆಯು ನಗರಗಳಲ್ಲಿ ಕಲಾಕೃತಿಯೆನಿಸಿದೆ. 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಅವರು ಪಾಂಡಿಚೇರಿಯಲ್ಲಿ ಗೋಲ್ಡನ್ ಬ್ರಿಜ್ ಪಾಟರಿಯನ್ನು ಸ್ಥಾಪಿಸಿದರು. ಅಲ್ಲಿ ಕಲಿತ ಅನೇಕರು ಈ ವಿದ್ಯೆಯನ್ನು ದೇಶದ ಹಲವೆಡೆಗೆ ಒಯ್ದರು. ಇಂಥ ಪಾತ್ರೆಗಳನ್ನು ಸುಮಾರು 1200ರಿಂದ 1300 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಸುಡುತ್ತಾರೆ. ಮೇಲೆ ಬಳಿದ ಲೇಪವು ಕರಗಿ ಗಾಜಾಗುತ್ತದೆ. ಬೆಂಗಳೂರಿನ ಪ್ರದರ್ಶನವೊಂದರಲ್ಲಿ ಅಂಥ ಬೋಗುಣಿಗಳನ್ನು ಕಂಡು ನಾನು ಬೆರಗಾದೆನು. ಅವುಗಳ ಚೆಲುವಿನಲ್ಲಿ ಸಂದೇಹವಿಲ್ಲ. ಆದರೆ ಗಾಜಿನ ಪೆಟ್ಟಿಗೆಯಲ್ಲಿ, ಮಾಡಿದವರ ಹೆಸರಿನೊಡನೆ, ಅವು ಬರಿದಾಗಿಯೇ ಇದ್ದವು. ಏನನ್ನೂ ತುಂಬದ ಪಾತ್ರೆಯಷ್ಟೇ ಕಲೆಯೇ? ನೀರು ತುಂಬಿದ ಗಡಿಗೆ ಕಲೆಯಲ್ಲವೇ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಮ್ಮ ಸೀಮೆಯ ಬೇಸಿಗೆಯನ್ನು ಬಲ್ಲವರಿಗೆ ಹರವಿಯ ತಣ್ಣೀರಿನ ಬೆಲೆ ತಿಳಿದಿದೆ. ಕುಳ್ಳು, ಹೊಟ್ಟುಗಳ ಆವಿಗೆಯ ಉರಿ ಅಷ್ಟು ಉಗ್ರವಲ್ಲ. ಆದ್ದರಿಂದಲೇ ಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಅವುಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರನ್ನು ತಂಪಾಗಿಸುತ್ತದೆ. ಗಾಜಿನ ಲೇಪವು ಮುಚ್ಚಿಬಿಡುವುದು ಈ ರಂಧ್ರಗಳನ್ನೇ. ಇನ್ನು ಅಲಂಕಾರದ ಮಾತು: ಮದುವೆಯಲ್ಲಿ ಕುಂಬಾರರ ಮನೆಯಿಂದ ಬಣ್ಣ ಬಳಿದ ಐರಾಣಿ ಗಡಿಗೆಗಳನ್ನು ವಾದ್ಯದೊಡನೆ ತರುವುದು ನಮ್ಮ ಸಂಪ್ರದಾಯ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ಮಾಡುವುದೂ ಮಣ್ಣಿನಿಂದಲೇ.

ಜಪಾನಿನ ಶೋಜಿ ಹಮಾದಾ ಎಂಬ ಮಹಾಕುಂಬಾರನನ್ನು 1955ರಲ್ಲಿ ಆ ದೇಶವು ಜೀವಂತ ರಾಷ್ಟ್ರನಿಧಿಯೆಂದು ಮನ್ನಿಸಿತು. ಆತನು ತನ್ನ ಪಾತ್ರೆಗಳ ಮೇಲೆ ಹೆಸರು ಬರೆಯುವುದನ್ನು ಬಹುಹಿಂದೆಯೇ ಬಿಟ್ಟಿದ್ದನು. ನಮ್ಮ ಕುಂಬಾರರೂ ಹೆಸರು ಬರೆದವರಲ್ಲ. ಆದರೆ ಅವರಿಗೆ ಸಂದ ಮನ್ನಣೆಯೆಲ್ಲಿ?

ಉಕ್ಕು, ಪ್ಲಾಸ್ಟಿಕ್, ತಂಪುಪೆಟ್ಟಿಗೆಗಳು ಬಂದ ಮೇಲೆ ಗಡಿಗೆಯ ಗಿರಾಕಿ ಕಡಿಮೆಯಾಗಿದೆ. ಸಂತೆಯಲ್ಲಿ ಅದನ್ನು ಕೊಳ್ಳುವವರೂ ನಾಲ್ಕಾಣೆಯ ವಸ್ತುವೆಂಬಂತೆ ಚೌಕಾಶಿ ಮಾಡುತ್ತಾರೆ. ಮಣ್ಣು ತಂದು, ನೆನೆಸಿ, ತುಳಿದು, ತಿಗುರಿಯ ಮೇಲೆ ಎತ್ತಿ, ಬಡಿದು, ಒಣಗಿಸಿ, ಸುಟ್ಟ ದಿನಗಳನ್ನು ಲೆಕ್ಕವಿಡುವವರಾರು? ಹೀಗಾದರೆ ಮಕ್ಕಳು ತಿಗುರಿಯ ಬಳಿ ಏಕೆ ಕೂಡಬೇಕು? ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯಿದೆ. ಹಳೆಯ ಕೈಗೆ ಹೊಸ ವಿದ್ಯೆ ಕೂಡಿದರೆ ಈ ಕಾಯಕಕ್ಕೆ ಇನ್ನೂ ಬಾಳಿದೆ.

ಸದ್ಭಕ್ತರು ಮಾಡಬೇಕಾದುದು ಹೆಚ್ಚಿನದೇನಲ್ಲ. ಬೇಸಿಗೆಯ ಅರವಟ್ಟಿಗೆಗೆ ಮಣ್ಣಿನ ಹರವಿಯನ್ನೇ ಇಡಲಿ. ಕುಂಬಾರನು ಹೇಳಿದ ಬೆಲೆಯನ್ನು ಗೌರವದಿಂದ ಕೊಡಲಿ. ಗುಂಡಯ್ಯನವರನ್ನು ಶರಣನೆಂದು ಕೈಮುಗಿಯುವ ನಾವು ಅವರ ಕಾಯಕದವರನ್ನು ಸಂತೆಯಲ್ಲಿ ಕಡೆಗಣಿಸುವುದು ಭಕ್ತಿಯೆನಿಸದು.