ಬಾಯಿ ತೆರೆದ ಹಾವುಮೀನು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ - ನಮ್ಮ ಈ ಊರುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಮಗೆ ನೀರೆಂದರೆ ಕೆರೆ. ನಾನು ಶ್ರೀನಿವಾಸಪುರದ ತವರಿನಲ್ಲಿದ್ದಾಗ, ಬೇಸಿಗೆಯಲ್ಲಿ ಕೆರೆ ಬತ್ತುತ್ತಾ ಬಂದರೆ ಕೆಸರಿನಲ್ಲಿ ಹಾವುಮೀನು ಕಾಣಿಸಿಕೊಳ್ಳುತ್ತಿತ್ತು. ಉದ್ದನೆಯ ಮೈ, ಚೂಪು ಮೂತಿ. “ಹಾವು, ಹಾವು” ಎಂದು ಮಕ್ಕಳೆಲ್ಲ ಕಲ್ಲು ಹೊಡೆಯುತ್ತಿದ್ದೆವು. ಅದು ಮೀನು ಎಂದು ನಾನಿ ಹೇಳುವಷ್ಟರಲ್ಲಿ ಅದರ ಕತೆ ಮುಗಿದಿರುತ್ತಿತ್ತು.

ಈ ಹಳೆಯ ನೆನಪು ಮರಳಿ ಬಂದದ್ದು ಮುರ್ಡೇಶ್ವರದ ಕಡಲಿನಲ್ಲಿ. ಮಾಲೂರಿನ ಅಕ್ಕನ ಕುಟುಂಬದೊಂದಿಗೆ ಡಿಸೆಂಬರ್ ರಜೆಯಲ್ಲಿ ಅಲ್ಲಿಗೆ ಹೋಗಿದ್ದೆವು. ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಅದರ ಸುತ್ತಲಿನ ನೀರಿನಡಿ ಬಂಡೆಗಳು, ಹವಳಗಳು, ಬಣ್ಣಬಣ್ಣದ ಮೀನುಗಳು. ಮಗ ತರಬೇತುದಾರರ ಜೊತೆ ನೀರಿಗಿಳಿದ. ಈಜು ಬಾರದ ನಾನು ದೋಣಿಯಲ್ಲೇ ಉಸಿರು ಬಿಗಿಹಿಡಿದು ಕುಳಿತೆ.

ಮೇಲೆ ಬಂದವನೇ, “ಅಮ್ಮೀ, ಬಂಡೆ ಸಂದಿಯಲ್ಲಿ ದೊಡ್ಡ ಹಾವು! ಕಚ್ಚೋಕೆ ಬಾಯಿ ತೆಗೆದಿತ್ತು” ಎಂದ. ನನ್ನ ಎದೆ ಧಸಕ್ಕೆಂದಿತು.

ತರಬೇತುದಾರರು ನಕ್ಕರು. “ಹಾವಲ್ಲ ಅಕ್ಕಾ, ಮೊರೇ ಈಲ್ ಅಂತ ಮೀನು. ಅದು ಬಾಯಿ ತೆಗೆದದ್ದು ಕಚ್ಚಲಿಕ್ಕಲ್ಲ, ಉಸಿರಾಡಲಿಕ್ಕೆ.”

ಊರಿಗೆ ಮರಳಿದ ಮೇಲೆ ಅದರ ಬಗ್ಗೆ ಹುಡುಕಿ ಓದಿದೆ. ಮೊರೇ ಈಲ್‌ನ ಕಿವಿರಿನ ರಂಧ್ರಗಳು ತೀರಾ ಚಿಕ್ಕವು. ಬಾಯಿಯನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ನೀರನ್ನು ಕಿವಿರಿಗೆ ತಳ್ಳಿದರಷ್ಟೇ ಅದಕ್ಕೆ ಉಸಿರು. ಮೈಮೇಲೆ ಹುರುಪೆಯಿಲ್ಲ, ಲೋಳೆಯೇ ಅದರ ರಕ್ಷಣೆ. ಹಗಲೆಲ್ಲ ಸಂದಿಯಲ್ಲಿದ್ದು, ಹೆಚ್ಚಿನ ಜಾತಿಗಳು ರಾತ್ರಿ ಬೇಟೆಗೆ ಹೊರಡುತ್ತವೆ. ಕಣ್ಣು ಮಂದ, ಮೂಗು ಚುರುಕು. ಗಂಟಲಿನೊಳಗೆ ಇನ್ನೊಂದು ಜೊತೆ ದವಡೆಯಿದೆ. ಮುಂದಿನ ದವಡೆ ಬೇಟೆಯನ್ನು ಕಚ್ಚಿ ಹಿಡಿದೊಡನೆ ಇದು ಮುಂದಕ್ಕೆ ಚಾಚಿ ಒಳಗೆಳೆದುಕೊಳ್ಳುತ್ತದೆ. ಇದು ಹೇಗೆ ಕೆಲಸ ಮಾಡುತ್ತದೆಂದು ವಿಜ್ಞಾನಿಗಳು ತೋರಿಸಿಕೊಟ್ಟದ್ದು 2007ರಲ್ಲಿ. ಇಂಥ ಬಾಯಿಯೊಳಗೂ ಪುಟ್ಟ ಸಿಗಡಿಗಳು ನಿರ್ಭಯವಾಗಿ ಹೊಕ್ಕು ಶುಚಿ ಮಾಡಿ ಬರುತ್ತವೆ! ಅದರ ಸಂದಿಗೆ ಕೈ ಹಾಕಿದರೆ, ಕೈಯಿಂದ ತಿನ್ನಿಸಲು ಹೋದರೆ ಮಾತ್ರ ಕಚ್ಚುವ ಭಯ.

2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಒಣಗಿದ್ದ ಎಷ್ಟೋ ಕೆರೆಗಳಲ್ಲಿ ಮತ್ತೆ ನೀರು ಕಾಣುತ್ತಿದ್ದೇವೆ. ಮೊನ್ನೆ ಮುಳಬಾಗಿಲಿನ ನಮ್ಮ ಮನೆಯ ಹತ್ತಿರದ ಕೆರೆಯಂಚಿನಲ್ಲಿ ಹುಡುಗರು “ಹಾವು” ಎಂದು ಕೂಗುತ್ತಾ ಕಲ್ಲೆತ್ತಿದರು. ನನ್ನ ಮಗ ಅಡ್ಡ ನಿಂತು, “ಮುಟ್ಟಬೇಡಿ, ಹೊಡೆಯಲೂಬೇಡಿ. ದೂರದಿಂದ ನೋಡಿ” ಎಂದ.

ನಾನು ಅವನ ವಯಸ್ಸಿನಲ್ಲಿ ಹಾಗೆ ಹೇಳಿರಲಿಲ್ಲ. ಹಾವೋ ಮೀನೋ, ಅದು ತನ್ನ ಪಾಡಿಗೆ ನೀರಿಗೆ ಜಾರಿತು.